ಪ್ರತಿಕ್ರಿಯೆ: ಎರಡು ಸಲ ಬ್ಯಾಟರಿ ಬದಲಿಸಿದರೂ ಬೆಳಗ್ಗೆ ಸ್ಟಾರ್ಟ್ ಆಗದ ಕಾರು

"ಎರಡು ಸಲ ಬ್ಯಾಟರಿ ಹಾಕಿಸಿದೆ, ಈಗ ಮೆಕ್ಯಾನಿಕ್ ಸ್ಟಾರ್ಟರ್ ಮೋಟಾರನ್ನೂ ಬದಲಿಸಬೇಕು ಅಂತಾನೆ, ನಂಬಬಹುದಾ?" ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ ಅನ್ನಿ. ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟ ತಕ್ಷಣ ಇಂಜಿನ್ ಸ್ಟಾರ್ಟ್ ಆಗುತ್ತೆ ಅಂತ ನೀವೇ ಬರೆದಿದ್ದೀರಲ್ಲ, ಅಂದಮೇಲೆ ಇಂಜಿನ್ ತಿರುಗಿಸೋ ಆ ಮೋಟಾರ್ ಮೇಲೆ ಯಾಕೆ ಅನುಮಾನ?

ನನಗೂ ಹೀಗೇ ಆಗಿತ್ತು. ನಮ್ಮ ಮೆಕ್ಯಾನಿಕ್ ಮಹಾಶಯ ಬ್ಯಾಟರಿ ಆಯ್ತು, ಅದನ್ನು ಚಾರ್ಜ್ ಮಾಡೋ ಆಲ್ಟರ್ನೇಟರ್ ಆಯ್ತು, ಒಂದೊಂದೇ ಬಿಚ್ಚಿ ಹೊಸದು ಕೂರಿಸಿದ. ವೋಲ್ಟೇಜ್, ಕರೆಂಟ್ ಅಳೆಯೋ ಮಲ್ಟಿಮೀಟರ್ ಮಾತ್ರ ಕೈಗೆ ತಗೊಳ್ಳಲಿಲ್ಲ. ಕೊನೆಗೆ ನಾನೇ ಫೋನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ಆಮೇಲೆ ನೋಡಿದರೆ, ಮುಚ್ಚಿದ ಮೇಲೂ ಒಳಗಿನ ಪುಟ್ಟ ಬಲ್ಬ್ ಉರೀತಾನೇ ಇದೆ! ಸ್ವಿಚ್ ಸಿಕ್ಕಿಹಾಕಿಕೊಂಡಿತ್ತು, ಬ್ಯಾಟರಿ ಖಾಲಿಯಾಗ್ತಿದ್ದಿದ್ದು ಅದರಿಂದ, ಅಷ್ಟೇ.

ಮೊದಲು ಬ್ಯಾಟರಿ ವೋಲ್ಟೇಜ್ ನೋಡಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ಆಸುಪಾಸು, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಎರಡನೆಯದು ಸರಿಯಿದ್ದು ಬೆಳಗ್ಗೆ ಮಾತ್ರ ಕುಸಿದಿದ್ದರೆ ಎಲ್ಲೋ ಕರೆಂಟ್ ಸೋರ್ತಿದೆ. ಗಾಡಿ ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಬ್ಯಾಟರಿಯಿಂದ ಹೋಗ್ತಿರೋ ಕರೆಂಟ್ ಅಳೆದರೆ ಸುಮಾರು 50 ಮಿಲಿಆಂಪ್ ದಾಟಬಾರದು. ದಾಟಿದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಲಿ, ಯಾವುದನ್ನು ಕಿತ್ತಾಗ ಇಳಿಯುತ್ತೋ ಕಳ್ಳ ಆ ಲೈನಲ್ಲೇ. ಹೊರಗಡೆ ಹಾಕಿಸಿದ ಸ್ಟೀರಿಯೋ, ಡ್ಯಾಶ್‌ಕ್ಯಾಮ್ ಇದ್ದರೆ ಅವನ್ನೇ ಮೊದಲು ನೋಡಿ. ನಿಮ್ಮ ಮೆಕ್ಯಾನಿಕ್‌ಗೆ ಇಷ್ಟೂ ಬರಲ್ಲ ಅಂದರೆ ಬೇರೆ ಆಟೋ ಎಲೆಕ್ಟ್ರಿಷಿಯನ್ ಹುಡುಕಿ.