ಎಕೋ ನಾರ್ಮಲ್ ಬಂದಮೇಲೂ ಸಿ.ಟಿ. ಏಕೆ?

ಪ್ರಶ್ನೆ: ನನಗೆ 54 ವರ್ಷ, ಬಿ.ಪಿ. ಇದೆ. ಈಚೆಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗುತ್ತದೆ, ನಿಂತರೆ ಸರಿಹೋಗುತ್ತದೆ. ಇಸಿಜಿ, ಎಕೋ ಎರಡೂ ನಾರ್ಮಲ್. ಆದರೂ ಡಾಕ್ಟರು ಸಿ.ಟಿ. ಆಂಜಿಯೋಗ್ರಾಂ ಮಾಡಿಸಿ ಎನ್ನುತ್ತಾರೆ. ಬೇಕೇ? ಬೇಕಿದ್ದರೆ ನೇರವಾಗಿ ಆಂಜಿಯೋಗ್ರಾಂ ಮಾಡಿಸಿಬಿಡುವುದು ಒಳ್ಳೆಯದಲ್ಲವೇ?

ಉತ್ತರ: ಬೇಕು. ತಡ ಮಾಡಬೇಡಿ. ಎಕೋ ಚೆನ್ನಾಗಿದೆ ಎಂದು ಎದೆನೋವನ್ನು ಗ್ಯಾಸ್ಟ್ರಿಕ್ ಲೆಕ್ಕಕ್ಕೆ ಬರೆದು ಸುಮ್ಮನಾಗುವವರನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ. ಎಕೋ ತೋರಿಸುವುದು ಹೃದಯದ ಸ್ನಾಯು, ಕವಾಟ ಮತ್ತು ಪಂಪ್ ಮಾಡುವ ಬಲವನ್ನು. ಹೃದಯಕ್ಕೇ ರಕ್ತ ಒಯ್ಯುವ ಕೊರೊನರಿ ನಾಳಗಳು ಮೂರು–ನಾಲ್ಕು ಮಿಲಿಮೀಟರ್ ಅಗಲದವು. ಅವುಗಳೊಳಗಿನ ಅಡಚಣೆ ಮಾಮೂಲಿ ಎಕೋದಲ್ಲಿ ಕಾಣುವುದಿಲ್ಲ. ನೀವು ಮಲಗಿರುವಾಗ ಕಿರಿದಾದ ನಾಳದಲ್ಲೂ ಸಾಕಷ್ಟು ರಕ್ತ ಹರಿಯುತ್ತದೆ, ಸ್ನಾಯು ಚೆನ್ನಾಗಿಯೇ ಮಿಡಿಯುತ್ತದೆ. ಕೊರತೆ ಗೊತ್ತಾಗುವುದು ಮೆಟ್ಟಿಲು ಹತ್ತುವಾಗಲೇ.

ಇನ್ನು ನೇರ ಆಂಜಿಯೋಗ್ರಾಂ. ಕೈ ಅಥವಾ ತೊಡೆಯ ರಕ್ತನಾಳದೊಳಗೆ ಕ್ಯಾತಿಟರ್ ಎಂಬ ಸಣ್ಣ ಕೊಳವೆ ತೂರಿಸಿ ಮಾಡುವ ಆ ಪರೀಕ್ಷೆ ರಕ್ತ ಹರಿಯುವ ದಾರಿಯನ್ನಷ್ಟೇ ತೋರಿಸುತ್ತದೆ. ಕೈಯ ನಾಳಕ್ಕೆ ಡೈ (ನಾಳ ಎದ್ದು ಕಾಣಿಸುವ ದ್ರವ) ಕೊಟ್ಟು ಹೊರಗಿನಿಂದಲೇ ಸ್ಕ್ಯಾನ್ ಮಾಡುವ ಸಿ.ಟಿ.ಯಲ್ಲಿ ನಾಳದ ಗೋಡೆಯೂ ಕಾಣುತ್ತದೆ. ದಾರಿ ಇನ್ನೂ ಕಿರಿದಾಗದಿದ್ದರೂ ಗೋಡೆಯಲ್ಲಿ ಕೂತ ಕೊಬ್ಬು ಸಿಕ್ಕಿಬೀಳುತ್ತದೆ. ನನ್ನ ಮಟ್ಟಿಗೆ ಸಿ.ಟಿ.ಯ ದೊಡ್ಡ ಲಾಭ ಇದೇ. ಸ್ಕಾಟ್ಲೆಂಡ್‌ನಲ್ಲಿ 4,146 ಮಂದಿಯ ಮೇಲೆ ನಡೆದ ಸ್ಕಾಟ್-ಹಾರ್ಟ್ ಅಧ್ಯಯನದ ಐದು ವರ್ಷಗಳ ಫಲಿತಾಂಶ 2018ರಲ್ಲಿ ಬಂತು: ಹೃದಯಾಘಾತ ಅಥವಾ ಕೊರೊನರಿ ಕಾಯಿಲೆಯ ಸಾವು ಸಿ.ಟಿ. ಮಾಡಿಸಿದವರಲ್ಲಿ ಶೇ 2.3, ಮಾಮೂಲಿ ಪರೀಕ್ಷೆ, ಚಿಕಿತ್ಸೆಯಷ್ಟೇ ಪಡೆದ ಉಳಿದವರಲ್ಲಿ ಶೇ 3.9. ಸ್ಟೆಂಟ್ ಹೆಚ್ಚು ಹಾಕಿದ್ದರಿಂದ ಬಂದ ವ್ಯತ್ಯಾಸವಲ್ಲ ಅದು, ಸಿ.ಟಿ. ಗುಂಪಿನಲ್ಲಿ ಹೆಚ್ಚು ಜನರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್‌ನಂಥ ಮಾತ್ರೆ ಶುರುವಾಗಿತ್ತು. 2022ರ ‘ಡಿಸ್ಚಾರ್ಜ್’ ಎಂಬ ಹೆಸರಿನ ಅಧ್ಯಯನದಲ್ಲಿ ಪರೀಕ್ಷೆ, ಚಿಕಿತ್ಸೆಗಳಿಂದಲೇ ಆದ ಗಂಭೀರ ತೊಂದರೆ ಮೊದಲು ಸಿ.ಟಿ. ಮಾಡಿಸಿದವರಲ್ಲಿ ಶೇ 0.5, ನೇರ ಆಂಜಿಯೋಗ್ರಾಂಗೆ ಹೋದವರಲ್ಲಿ ಶೇ 1.9.

ಅಡಚಣೆ ಕಂಡಿತೆನ್ನಿ. ಅದು ನಿಜಕ್ಕೂ ರಕ್ತ ತಡೆಯುತ್ತಿದೆಯೇ ಎಂಬುದನ್ನು ಅದೇ ಸಿ.ಟಿ. ಚಿತ್ರಗಳಿಂದ ಕಂಪ್ಯೂಟರ್ ಲೆಕ್ಕ ಹಾಕಿ ಹೇಳುವ ವಿಧಾನ ಈಗ ಬಂದಿದೆ, ಹೆಸರು ಎಫ್‌.ಎಫ್‌.ಆರ್.-ಸಿ.ಟಿ. ಅಡಚಣೆಯಾಚೆ ರಕ್ತದ ಒತ್ತಡ ಎಷ್ಟು ಉಳಿದಿದೆ ಎಂದು ಹೇಳುವ ಅದರ ಮೌಲ್ಯ (ಅಡಚಣೆಯೇ ಇಲ್ಲದಿದ್ದರೆ 1) 0.80ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಔಷಧದಲ್ಲೇ ಸಾಗಬಹುದು. ಕ್ಯಾಲ್ಸಿಯಂ ಗಟ್ಟಿಯಾಗಿ ಕೂತ ನಾಳ ನಮಗೆ ಬಹುಕಾಲದ ತಲೆನೋವು: ಚಿತ್ರದಲ್ಲಿ ಕ್ಯಾಲ್ಸಿಯಂ ಇರುವುದಕ್ಕಿಂತ ದೊಡ್ಡದಾಗಿ ಹರಡಿ ಕಾಣುತ್ತದೆ. ಎಕ್ಸ್-ರೇ ಕಣಗಳನ್ನು ಒಂದೊಂದಾಗಿ ಎಣಿಸುವ, 2021ರಿಂದ ಬಳಕೆಗೆ ಬಂದ ಫೋಟಾನ್-ಕೌಂಟಿಂಗ್ ಸಿ.ಟಿ. ಇದನ್ನು ಬಹಳ ಮಟ್ಟಿಗೆ ತಗ್ಗಿಸಿದೆ. ಆ ಯಂತ್ರವೇ ಬೇಕೆಂದು ಹುಡುಕಿಕೊಂಡು ಹೋಗಬೇಡಿ, ಒಂದು ಸುತ್ತಿಗೆ 64 ಪದರಗಳ ಚಿತ್ರ ತೆಗೆಯುವ ಮಾಮೂಲಿ 64 ಸ್ಲೈಸ್ ಯಂತ್ರವೂ ನಿಮಗೆ ಸಾಕು.

ನಾಡಿ ನಿಮಿಷಕ್ಕೆ 65ಕ್ಕಿಂತ ಕೆಳಗಿದ್ದರೆ ಚಿತ್ರ ಅಲುಗದೆ ಬರುತ್ತದೆ, ಅದಕ್ಕಾಗಿ ಬೀಟಾ ಬ್ಲಾಕರ್ ಮಾತ್ರೆ ಕೊಡುತ್ತಾರೆ. ಆಸ್ತಮಾ, ಕಿಡ್ನಿ ತೊಂದರೆ, ಹಿಂದೆ ಡೈಗೆ ಅಲರ್ಜಿ ಆಗಿದ್ದರೆ ಮೊದಲೇ ತಿಳಿಸಿ. ನಾಳ ಹಿಗ್ಗಿಸಲು ನಾಲಿಗೆಯಡಿ ನೈಟ್ರೇಟ್ ಮಾತ್ರೆ ಇಡುವುದರಿಂದ ಸಿಲ್ಡೆನಾಫಿಲ್ (ವಯಾಗ್ರ) ಬಳಸುವವರು ಸಂಕೋಚ ಬಿಟ್ಟು ಹೇಳಲೇಬೇಕು, ಎರಡೂ ಸೇರಿದರೆ ಬಿ.ಪಿ. ಅಪಾಯಕರವಾಗಿ ಇಳಿಯುತ್ತದೆ. ಡೈ ಹೋಗುವಾಗ ಮೈ ಬಿಸಿಯಾಗುತ್ತದೆ, ಹೆದರಬೇಡಿ. ಆದರೆ ಸುಮ್ಮನೆ ಕೂತಿರುವಾಗಲೂ ಎದೆ ಬಿಗಿದರೆ ಸಿ.ಟಿ. ದಿನಕ್ಕೆ ಕಾಯದೆ ತಕ್ಷಣ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್‌ಗೆ ಕೀಮೋ ನಡೆಯುತ್ತಿದೆ. ಇ.ಎಫ್. (ಪ್ರತಿ ಮಿಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ) 60 ಇದ್ದರೂ ‘ಸ್ಟ್ರೇನ್ ಇಳಿದಿದೆ’ ಎಂದು ಹೃದಯದ ಮಾತ್ರೆ ಕೊಟ್ಟಿದ್ದಾರೆ. ಏಕೆ?

ಉತ್ತರ: ಕೆಲವು ಕೀಮೋ ಔಷಧಗಳು ಹೃದಯದ ಸ್ನಾಯುವನ್ನು ಬಾಧಿಸುತ್ತವೆ. ಇ.ಎಫ್. ಇಳಿಯುವ ಹೊತ್ತಿಗೆ ಹಾನಿ ಮುಂದುವರಿದಿರಬಹುದು. ಸ್ನಾಯು ಉದ್ದುದ್ದಕ್ಕೆ ಎಷ್ಟು ಕುಗ್ಗುತ್ತದೆ ಎಂಬ ಅಳತೆಯೇ ಸ್ಟ್ರೇನ್. ಅದು ಮೊದಲೇ ಸುಳಿವು ಕೊಡುತ್ತದೆ. ಕೀಮೋಗೆ ಮುಂಚಿನ ಅಳತೆಗಿಂತ ಶೇ 15ಕ್ಕೂ ಹೆಚ್ಚು ಇಳಿದರೆ ನಾವು ಎಚ್ಚೆತ್ತುಕೊಳ್ಳುತ್ತೇವೆ. ಕೀಮೋವನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಯಾನ್ಸರ್ ಡಾಕ್ಟರು, ಹೃದಯದ ಡಾಕ್ಟರು ಕೂಡಿ ಮಾತಾಡಲಿ. ಕಂಪನಿಯಿಂದ ಕಂಪನಿಗೆ ಯಂತ್ರಗಳ ಸ್ಟ್ರೇನ್ ಅಂಕಿ ಬೇರೆಯಾಗುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ಕಡೆ, ಅದೇ ಯಂತ್ರದಲ್ಲಿ ಎಕೋ ಮಾಡಿಸಿ.