ದಿನಕ್ಕೊಂದು ಬಹ್ತ್ ಸ್ಕೂಲ್

ಕಳೆದ ಸಂಚಿಕೆಯ ಥೈಲ್ಯಾಂಡ್ ಲೇಖನ ಓದಿ ತಿಪಟೂರಿನ ಓದುಗರೊಬ್ಬರು ಬರ್ದಿದಾರೆ: "ಅಲ್ಲಿ ಲೇಡಿ ಲೀಡರ್ ಅಂದ್ರೆ ಬರೀ ಮಾಜಿ ಪ್ರಧಾನಿ ಥಾಕ್ಸಿನ್ ಶಿನವಾತ್ರ ಮನೆಯವರೇನಾ ಸಾರ್? ಅಣ್ಣ, ಅಪ್ಪನ ಹೆಸರಿಲ್ದೆ ಮೇಲೆ ಬಂದವ್ರು ಒಬ್ರೂ ಇಲ್ವಾ?"

ಇದಾರೆ ಮೇಡಂ, ಪ್ರತೀಪ್ ಉಂಗ್‌ಸೋಂಗ್‌ಥಮ್ ಹಾತ. ಥಾಕ್ಸಿನ್ ತಂಗಿ, ತಾವೂ ಪ್ರಧಾನಿಯಾಗಿದ್ದ ಯಿಂಗ್‌ಲಕ್ ಬಗ್ಗೆ ಎರಡು ಪೇಜ್ ಹಾಕಿ ಇವರನ್ನ ಬಿಟ್ಟಿದ್ದು ನಮ್ಮದೇ ತಪ್ಪು.

ಹುಟ್ಟಿದ್ದು 1952ರಲ್ಲಿ, ಬ್ಯಾಂಕಾಕ್ ಬಂದರಿನ ಪಕ್ಕದ ಕ್ಲೋಂಗ್ ತೋಯಿ ಸ್ಲಮ್ಮಲ್ಲಿ. ಕೆಳಗೆ ಕಪ್ಪು ನೀರು, ಮೇಲೆ ಮರದ ಕಂಬದ ಮೇಲೆ ಮನೆ, ಮನೆಯಿಂದ ಮನೆಗೆ ಹಲಗೆ ಮೇಲೇ ನಡ್ಕೊಂಡು ಹೋಗ್ಬೇಕು. ಜಾಗ ಬಂದರು ಪ್ರಾಧಿಕಾರದ್ದು, ಅಲ್ಲಿರೋರು ಅಕ್ರಮ ಅಂತ ಲೆಕ್ಕ, ಹಾಗಾಗಿ ಆಗ ಎಷ್ಟೋ ಮಕ್ಕಳಿಗೆ ಬರ್ತ್ ಸರ್ಟಿಫಿಕೇಟೇ ಇರ್ಲಿಲ್ಲ, ಅದಿಲ್ದೆ ಸರ್ಕಾರಿ ಸ್ಕೂಲಿಗೆ ಸೇರಿಸ್ಕೊಳ್ತಿರ್ಲಿಲ್ಲ. ಪ್ರತೀಪ್ ಕೂಡ ಚಿಕ್ಕವಯಸ್ಸಲ್ಲೇ ಓದು ಬಿಟ್ಟು ಪಟಾಕಿ ಪ್ಯಾಕ್ ಮಾಡಿದ್ರು, ಹಡಗಿನ ತುಕ್ಕು ಕೆರೆದ್ರು, ಆ ಕೂಲಿಲೇ ದುಡ್ಡು ಉಳಿಸಿ ನೈಟ್ ಸ್ಕೂಲ್ ಸೇರಿದ್ರು. ಹಗಲೆಲ್ಲಾ ತುಕ್ಕು ಕೆರೆದ ಕೈಲಿ ರಾತ್ರಿ ಪೆನ್ಸಿಲ್ ಹಿಡಿಯೋದು ಅಂದ್ರೆ ಸುಮ್ನೆ ಮಾತಲ್ಲ.

1968ರಲ್ಲಿ, ಇನ್ನೂ 16 ವರ್ಷ, ಅಕ್ಕನ ಜೊತೆ ಸೇರಿ ಮನೇಲೇ ಸ್ಕೂಲ್ ಶುರು ಮಾಡಿದ್ರು, ಫೀಸು ದಿನಕ್ಕೆ 1 ಬಹ್ತ್ (ನಮಗೆ ರೂಪಾಯಿ ಇದ್ದ ಹಾಗೆ ಅಲ್ಲಿಗೆ ಬಹ್ತ್). ಪರ್ಮಿಷನ್ ಇಲ್ಲ, ಕಾನೂನಿನ ಪ್ರಕಾರ ಅದೂ ಅಕ್ರಮವೇ. 1972ರಲ್ಲಿ ಬಂದರಿನವರು ಜಾಗ ಖಾಲಿ ಮಾಡಿ ಅಂದಾಗ ಇವರು ಹೆದರಿ ಕೂರಲಿಲ್ಲ, ಪತ್ರಿಕೆಗಳವರೆಗೂ ವಿಷಯ ಮುಟ್ಟಿಸಿದ್ರು, ಊರಿಗೆಲ್ಲಾ ಗೊತ್ತಾಯ್ತು, ಆಮೇಲೆ ಬ್ಯಾಂಕಾಕ್ ನಗರಾಡಳಿತವೇ ಆ ಸ್ಕೂಲಿಗೆ ಮಾನ್ಯತೆ ಕೊಡ್ತು. ಕೆಲಸ ಮಾಡ್ತಾನೇ ಇವರು ಟೀಚರ್ ಟ್ರೈನಿಂಗೂ ಮುಗಿಸಿದ್ರು.

1978ರಲ್ಲಿ ಮ್ಯಾಗ್ಸೆಸೆ ಬಂತು, ನಮ್ಮ ಹೆಗ್ಗೋಡಿನ ಸುಬ್ಬಣ್ಣನವರಿಗೆ 1991ರಲ್ಲಿ ಬಂತಲ್ಲ ಅದೇ ಪ್ರಶಸ್ತಿ. ಆ ದುಡ್ಡು ಮನೆಗೆ ಹೋಗ್ಲಿಲ್ಲ, ಅದರಿಂದ್ಲೇ ದುವಾಂಗ್ ಪ್ರತೀಪ್ ಫೌಂಡೇಶನ್ ಹುಟ್ಟಿದ್ದು. ಶಿಶುವಿಹಾರ, ಬಡ ಮಕ್ಕಳ ಓದಿಗೆ ನೆರವು, ಡ್ರಗ್ಸ್‌ಗೆ ಬಿದ್ದ ಹುಡುಗರನ್ನ ದೂರದ ಚುಂಫೋನ್‌ಗೆ ಕರ್ಕೊಂಡೋಗಿ ತೋಟದ ಕೆಲಸದಲ್ಲಿ ನಿಲ್ಲಿಸೋದು, ಎಲ್ಲಾ ಅದರದ್ದೇ. 1991ರಲ್ಲಿ ಬಂದರಿನ ಕೆಮಿಕಲ್ ಗೋಡೌನ್ ಹೊತ್ತಿ ಉರಿದಾಗ ಅದರ ಹೊಗೆ ಕುಡಿದ ಜನರ ಪರ ನಿಂತ್ರು. ಮರುವರ್ಷ ಮೇ ತಿಂಗಳಲ್ಲಿ ಚುನಾವಣೆಗೆ ನಿಲ್ಲದೇ ಪ್ರಧಾನಿಯಾಗಿದ್ದ ಜನರಲ್ ಸುಚಿಂದ ವಿರುದ್ಧ ಬೀದಿಗಿಳಿದ ಚಳವಳಿಯ ನಾಯಕರಲ್ಲಿ ಇವರೂ ಒಬ್ರು, ಸೈನ್ಯ ಗುಂಡು ಹಾರಿಸಿದ ಚಳವಳಿ ಅದು. ಬರೀ ಸಮಾಜಸೇವಕಿ ಅನ್ನೋರು ಇದನ್ನ ಮರೀತಾರೆ, ನನಗಂತೂ ಇವರು ಪಕ್ಕಾ ರಾಜಕೀಯ ನಾಯಕಿ. 2000ದಲ್ಲಿ ಥೈ ಜನ ಮೊದಲ ಸಲ ಸೆನೆಟ್‌ಗೆ, ಅಂದ್ರೆ ಸಂಸತ್ತಿನ ಮೇಲ್ಮನೆಗೆ, ಓಟ್ ಹಾಕಿದಾಗ ಬ್ಯಾಂಕಾಕಿಂದ ಗೆದ್ದೂ ಬಂದ್ರು.

ಸೆನೆಟರ್ ಆದ್ಮೇಲೂ ಜನ ಕರೆಯೋದು 'ಖ್ರೂ ಪ್ರತೀಪ್' ಅಂತ್ಲೇ. ಪ್ರತೀಪ್ ಅಂದ್ರೆ ನಮ್ಮ ಪ್ರದೀಪವೇ, ದೀಪ. ಖ್ರೂ ಅಂದ್ರೆ ಟೀಚರ್, ನಮ್ಮ 'ಗುರು' ಅಲ್ಲಿ ಹೋಗಿ ಆಗಿರೋ ಮಾತದು.