ಪಂಪ್ ಮೇಲೆ ಕ್ಯೂಆರ್ ಕೋಡ್, ಪಕ್ಕದಲ್ಲೇ ‘ಮೊಬೈಲ್ ಬಳಸಬೇಡಿ’ ಬೋರ್ಡ್!

ಪ್ರಶ್ನೆ: ಪೆಟ್ರೋಲ್ ಬಂಕ್‌ನಲ್ಲಿ ಮೊಬೈಲ್ ಬಳಸಬಾರದು ಅಂತ ಬೋರ್ಡ್ ಹಾಕಿರುತ್ತಾರೆ. ಅದೇ ಪಂಪ್‌ಗೆ ಕ್ಯೂಆರ್ ಕೋಡ್ ಅಂಟಿಸಿ ಸ್ಕ್ಯಾನ್ ಮಾಡಿ ಅಂತಾರೆ. ಯಾವುದನ್ನು ನಂಬೋಣ? ಇನ್ನೊಂದು ವಿಷಯ. ಅಪ್ಪನಿಗೆ ಹೋದ ತಿಂಗಳು ಪೇಸ್‌ಮೇಕರ್ ಹಾಕಿದ್ದಾರೆ. ಅವರಿಗೆ ಫೋನನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳೋ ಅಭ್ಯಾಸ. ತೊಂದರೆ ಆಗುತ್ತಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಮೊದಲು ಅಪ್ಪನ ವಿಷಯ ಮುಗಿಸೋಣ. ಬಂಕ್ ಆಮೇಲೆ.

ಪೇಸ್‌ಮೇಕರನ್ನು ಸಾಮಾನ್ಯವಾಗಿ ಎಡಗಡೆ, ಕೊರಳ ಮೂಳೆಯ ಕೆಳಗೆ ಕೂರಿಸುತ್ತಾರೆ. ನಮ್ಮ ಅಂಗಿಯ ಜೇಬೂ ಎಡಗಡೆಯೇ, ಅಲ್ವಾ? ಅಂದರೆ ಫೋನ್ ಹೆಚ್ಚುಕಮ್ಮಿ ಅದರ ಮೇಲೆಯೇ ಕೂತಿರುತ್ತದೆ. ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು. ಒಂದು ಗೇಣು ಅಂತ ಇಟ್ಟುಕೊಳ್ಳಿ, ಧಾರಾಳವಾಯಿತು. ಪ್ಯಾಂಟ್ ಜೇಬಿಗೆ ಹಾಕಿಕೊಳ್ಳಲಿ, ಮಾತಾಡುವಾಗ ಬಲಗಿವಿಗೆ ಹಿಡಿಯಲಿ.

ಈಗಿನ ಫೋನ್‌ಗಳಲ್ಲಿ ಸಿಗ್ನಲ್‌ಗಿಂತ ಜಾಸ್ತಿ ಗಮನ ಕೊಡಬೇಕಾದ್ದು ಅಯಸ್ಕಾಂತಕ್ಕೆ. 2020ರಲ್ಲಿ ಬಂದ ಐಫೋನ್ 12ರ ಬೆನ್ನಲ್ಲಿ ಚಾರ್ಜರ್ ಅಂಟಿಕೊಳ್ಳಲಿ ಅಂತ ಅಯಸ್ಕಾಂತದ ಉಂಗುರ ಇಟ್ಟರು, ಫ್ಲಿಪ್ ಕವರ್‌ಗಳಲ್ಲಂತೂ ಅದು ಮೊದಲಿಂದಲೂ ಇದೆ. ಡಾಕ್ಟರು ತಪಾಸಣೆ ಮಾಡಲು ಅನುಕೂಲವಾಗಲಿ ಅಂತ ಪೇಸ್‌ಮೇಕರ್‌ಗೆ ಅಯಸ್ಕಾಂತ ಗುರುತಿಸುವ ವ್ಯವಸ್ಥೆ ಇರುತ್ತದೆ. ಅಯಸ್ಕಾಂತ ತೀರಾ ಹತ್ತಿರ ಬಂದರೆ ಅದು ಹೃದಯದ ಬಡಿತ ನೋಡೋದನ್ನು ಬಿಟ್ಟು ಒಂದೇ ವೇಗದಲ್ಲಿ ಬಡಿಸುತ್ತಾ ಹೋಗಬಹುದು. ದೂರ ತೆಗೆದರೆ ಸರಿಹೋಗುತ್ತದೆ, ಗಾಬರಿ ಬೇಡ. ಆದರೆ ಅಪ್ಪನಿಗೆ ಹಾಕಿರೋದು, ಹೃದಯದ ಬಡಿತ ತೀರಾ ಹದಗೆಟ್ಟಾಗ ಶಾಕ್ ಕೊಡುವ ಐಸಿಡಿ ಅನ್ನೋ ಸಾಧನವಾ ಅಂತ ಕೇಳಿ ತಿಳಿದುಕೊಳ್ಳಿ, ಯಾಕಂದರೆ ಅಯಸ್ಕಾಂತ ಹತ್ತಿರ ಇದ್ದಷ್ಟು ಹೊತ್ತು ಅದು ಬೇಕಾದಾಗ ಶಾಕ್ ಕೊಡದೇ ಇರಬಹುದು. ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡ್‌ನಲ್ಲಿ ಯಾವುದು ಅಂತ ಬರೆದಿರುತ್ತದೆ.

ಈಗ ಬಂಕ್. ಫೋನ್ ರಿಂಗ್ ಆಗಿ ಬೆಂಕಿ ಹತ್ತಿಕೊಂಡಿತು ಅನ್ನೋ ವಿಡಿಯೋ ವಾಟ್ಸ್ಆ್ಯಪ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಇಂಥ ಪ್ರಕರಣಗಳನ್ನು ಕೆದಕಿ ನೋಡಿದಾಗ ಸಿಕ್ಕ ಕಳ್ಳ ಬೇರೆ: ಸ್ಥಾಯಿ ವಿದ್ಯುತ್. ಅಲ್ಲಿ ಪೆಟ್ರೋಲ್ ತಾವೇ ಹಾಕಿಕೊಳ್ಳುತ್ತಾರೆ. ನಡುವೆ ಕಾರಿನೊಳಗೆ ಕೂತು, ಸೀಟಿಗೆ ಬಟ್ಟೆ ಉಜ್ಜಿಕೊಂಡು, ಇಳಿದು ಬಂದು ನಾಝಲ್ ಮುಟ್ಟುತ್ತಾರೆ. ಚಟ್ ಅಂತ ಒಂದು ಕಿಡಿ. ಪೆಟ್ರೋಲ್ ಆವಿಗೆ ಅಷ್ಟು ಸಾಕು.

ಹಾಗಾದರೆ ಬೋರ್ಡ್ ಸುಮ್ನೆನಾ? ಅಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಟ್ಯಾಂಕ್ ಬಾಯಿಯ ಸುತ್ತ, ನೆಲದ ಹತ್ತಿರ ನಿಲ್ಲುತ್ತದೆ. ಆವಿ ಇರುವ ಜಾಗಕ್ಕೆ ಅಂತಲೇ ಪರೀಕ್ಷೆ ಮಾಡಿದ ಫೋನ್‌ಗಳು ಬೇರೆ ಇವೆ, ನಮ್ಮ ಜೇಬಿನಲ್ಲಿರೋದು ಅದಲ್ಲ. ಅದು ಕೆಳಗೆ ಬಿದ್ದು ಬ್ಯಾಟರಿ ಕೆಟ್ಟರೆ ಕಿಡಿ ಬರಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಅಪಾಯ ತುಂಬಾ ಚಿಕ್ಕದು ನಿಜ, ಆದರೂ ಕ್ಯೂಆರ್ ಸ್ಟಿಕ್ಕರನ್ನು ಪಂಪ್‌ಗೇ ಅಂಟಿಸೋದು ಬಂಕ್‌ನವರ ಸೋಮಾರಿತನ ಅಂತಲೇ ನಾನು ಹೇಳೋದು. ದೂರದ ಕಂಬಕ್ಕೆ ಅಂಟಿಸಲು ಏನು ಕಷ್ಟ?

ನೀವು ಹೀಗೆ ಮಾಡಿ. ಪೆಟ್ರೋಲ್ ಬೀಳುವಾಗ ಫೋನ್ ಜೇಬಿನಲ್ಲೇ ಇರಲಿ, ಕಣ್ಣು ಮೀಟರ್‌ನ ಸೊನ್ನೆ ಮೇಲಿರಲಿ. ಮುಚ್ಚಳ ಹಾಕಿದ ಮೇಲೆ ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ತಳ್ಳಿ, ಅಲ್ಲಿ ದುಡ್ಡು ಕಳಿಸಿ. ಟ್ಯಾಂಕರ್‌ನಿಂದ ಪೆಟ್ರೋಲ್ ಇಳಿಸುತ್ತಿದ್ದರೆ ಆ ಕಡೆ ಫೋನ್ ಹಿಡಿದು ಹೋಗಲೇಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ರಾತ್ರಿ ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಅಲ್ಲೇ ನಿಂತು ಫೋನ್ ಮಾಡಬೇಡಿ, ಟಾರ್ಚೂ ಹಾಕಬೇಡಿ. ಲೈಟ್ ಸ್ವಿಚ್ ಇನ್ನೂ ಅಪಾಯ, ಹಾಕೋದೂ ಬೇಡ, ಆರಿಸೋದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದ ಮೇಲೆ ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.